ಮಗುವಿನ ಮೊಣಕಾಲಿನ ಬಳಿ ಮೂಳೆ ಕ್ಯಾನ್ಸರ್: ಮೂರು ಶಸ್ತ್ರಚಿಕಿತ್ಸೆಗಳ ಹೋಲಿಕೆ

ಹನ್ನೊಂದು ವರ್ಷದ ಮಗಳ ತೊಡೆಮೂಳೆಯ ಕೆಳತುದಿಯಲ್ಲಿ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಇದೆಯೆಂದು ತಿಳಿದ ಬೆಂಗಳೂರಿನ ದಂಪತಿಗಳು, ಗೆಡ್ಡೆಯ ಭಾಗ ತೆಗೆದು ಅಲ್ಲಿ ಕೂರಿಸುವ ಲೋಹದ ಕೀಲು, ಪಾದ ತಿರುಗಿಸಿ ಜೋಡಿಸುವ ರೊಟೇಷನ್‌ಪ್ಲಾಸ್ಟಿ, ಅಂಗಚ್ಛೇದನ ಇವುಗಳಲ್ಲಿ ಯಾವುದು ಸೂಕ್ತವೆಂದು ಕೇಳಿದ್ದಾರೆ.

ಮೊದಲು ಜೀವದ ಮಾತು. ಗೆಡ್ಡೆಯನ್ನು ಸುತ್ತಲಿನ ಆರೋಗ್ಯಕರ ಅಂಗಾಂಶದ ಅಂಚಿನೊಡನೆ ಪೂರ್ತಿ ತೆಗೆಯಲು ಸಾಧ್ಯವಿದ್ದರೆ, ಕಾಲು ಉಳಿಸಿಕೊಂಡವರಿಗೂ ಕಳೆದುಕೊಂಡವರಿಗೂ ಬದುಕುಳಿಯುವ ಸಾಧ್ಯತೆಯಲ್ಲಿ ಹೆಚ್ಚಿನ ಅಂತರವಿಲ್ಲ. ಶಸ್ತ್ರಚಿಕಿತ್ಸೆಯ ಮೊದಲು ಮತ್ತು ನಂತರದ ಕಿಮೋಥೆರಪಿ ಸಾಮಾನ್ಯವಾಗಿ ಮೂರರಲ್ಲೂ ಇರುತ್ತದೆ.

ನಿಜವಾದ ವ್ಯತ್ಯಾಸವಿರುವುದು ಬೆಳವಣಿಗೆಯಲ್ಲಿ. ಹದಿನಾರರ ಹುಡುಗನಿಗೆ ಲೋಹದ ಕೀಲು ಒಪ್ಪುತ್ತದೆ, ಏಕೆಂದರೆ ಅವನ ಎತ್ತರ ಬಹುಪಾಲು ಮುಗಿದಿರುತ್ತದೆ. ಹನ್ನೊಂದರ ಹುಡುಗಿಗಾದರೆ ಉದ್ದವಾಗಬಲ್ಲ ದುಬಾರಿ ಕೀಲು ಬೇಕು; ಅದು ಸಡಿಲವಾಗಬಹುದು, ಸೋಂಕು ತಗಲಬಹುದು, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಓಟ, ಜಿಗಿತ ಬೇಡವೆಂದು ವೈದ್ಯರು ಹೇಳುವುದೂ ಉಂಟು.

ರೊಟೇಷನ್‌ಪ್ಲಾಸ್ಟಿಯಲ್ಲಿ ಗೆಡ್ಡೆಯಿರುವ ಮೊಣಕಾಲಿನ ಭಾಗವನ್ನು ತೆಗೆದು, ಕೆಳಗಾಲನ್ನು ನೂರೆಂಬತ್ತು ಡಿಗ್ರಿ ತಿರುಗಿಸಿ ತೊಡೆಗೆ ಜೋಡಿಸುತ್ತಾರೆ: ಹಿಮ್ಮಡಿ ಮುಂದಕ್ಕೆ, ಬೆರಳು ಹಿಂದಕ್ಕೆ, ಹರಡಿನ ಕೀಲೇ ಮೊಣಕಾಲಿನ ಕೆಲಸ ಮಾಡುತ್ತದೆ. ಕೃತಕ ಕಾಲು ತೊಟ್ಟು ಮಗು ಓಡಬಲ್ಲದು, ಸೈಕಲ್ ತುಳಿಯಬಲ್ಲದು. ನೋಟವೇ ದೊಡ್ಡ ಅಡ್ಡಿ. ನೆಂಟರಿಷ್ಟರ ಮಾತಿಗಿಂತ ಮಗುವಿನ ಮನಸ್ಸಿಗೆ ಇಲ್ಲಿ ಬೆಲೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಮುಖ್ಯ ನರವನ್ನೂ ರಕ್ತನಾಳಗಳನ್ನೂ ಗೆಡ್ಡೆ ಸುತ್ತಿಕೊಂಡಿದ್ದರೆ ಅಂಗಚ್ಛೇದನವೇ ಸುರಕ್ಷಿತ. ಅದು ಹೆಚ್ಚಾಗಿ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತದೆ, ಆದರೆ ಕತ್ತರಿಸಿದ ಮೇಲೂ ಇಲ್ಲದ ಪಾದ ನೋಯುತ್ತಿರುವಂತೆ ಅನಿಸುವುದುಂಟು.

ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಹೋಗುವಾಗ ಬಯಾಪ್ಸಿ ವರದಿಯ ಜೊತೆ ಎಂಆರ್‌ಐ ಚಿತ್ರಗಳನ್ನೂ ಒಯ್ಯಿರಿ.