ಓಪನ್‌ಫೋಮ್: ಗ್ರೇಡ್ ಬದಲಾವಣೆಯ ಬೆರಕೆ ಲೆಕ್ಕಕ್ಕೆ ಎಷ್ಟು ನೆಚ್ಚಬಹುದು?

ಓಪನ್‌ಫೋಮ್ ಅಂದರೆ ದ್ರವದ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಕಾಟವಿಲ್ಲ. ಹಾಸನದಲ್ಲಿ ಕೂತು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆಯ ಎರಕದ ಲೆಕ್ಕ ಹಾಕುವವರಿಗೆ ಅದೇ ದೊಡ್ಡ ಅನುಕೂಲ. ಆದರೂ ಎರಕ ನಿಲ್ಲಿಸದೆ ಗ್ರೇಡ್ (ಉಕ್ಕಿನ ಬಗೆ) ಬದಲಾದಾಗ, ಹಳೆಯದೂ ಹೊಸದೂ ಬೆರೆತ ಎಷ್ಟು ಮೀಟರ್ ಸ್ಲ್ಯಾಬ್ (ಉಕ್ಕಿನ ದಪ್ಪ ಹಲಗೆ) ಬದಿಗಿಡಬೇಕು ಎಂಬುದಕ್ಕೆ ಮೊದಲು ಸ್ಪ್ರೆಡ್‌ಶೀಟ್ ತೆರೆಯಿರಿ.

40 ಟನ್ ಟಂಡಿಶ್ (ಕರಗಿದ ಉಕ್ಕು ಅಚ್ಚಿಗೆ ಇಳಿಯುವ ಮುಂಚೆ ತಂಗುವ ತೊಟ್ಟಿ), ಒಂದೇ ಸ್ಟ್ರ್ಯಾಂಡ್ (ಅಚ್ಚಿನಿಂದ ಹೊರಬರುವ ಎರಕದ ಎಳೆ), 1500×230 ಮಿ.ಮೀ. ಸ್ಲ್ಯಾಬ್, ನಿಮಿಷಕ್ಕೆ 1 ಮೀಟರ್ ವೇಗ: ನಿಮಿಷಕ್ಕೆ ಸುಮಾರು 2.7 ಟನ್ ಹೊರಬೀಳುತ್ತದೆ, ಸರಾಸರಿ ತಂಗುವ ಕಾಲ 15 ನಿಮಿಷ. ಪೂರ್ತಿ ಬೆರೆಯುತ್ತದೆ ಅಂದುಕೊಂಡರೆ ಹೊಸ ಉಕ್ಕು 20%ರಿಂದ 80%ಕ್ಕೆ ಏರಲು ಆ ತಂಗುವ ಕಾಲದ 1.39 ಪಟ್ಟು ಬೇಕು. ಅಲ್ಲಿಗೆ 20 ಮೀಟರ್ ಬೆರಕೆ. 15 ಟನ್‌ಗೆ ಟಂಡಿಶ್ ಮಟ್ಟ ಇಳಿಸಿ ಹೊಸ ಲ್ಯಾಡಲ್ (ಉಕ್ಕು ತರುವ ದೊಡ್ಡ ಪಾತ್ರೆ) ತೆರೆದರೆ, ಮತ್ತೆ ತುಂಬುವಷ್ಟರಲ್ಲೇ ಕನಿಷ್ಠ 62% ಹೊಸದು. ಇನ್ನೂ ಇಳಿಸುವ ಆಸೆ ಬೇಡ. ಸುಳಿ ಎದ್ದು ಸ್ಲ್ಯಾಗ್ (ಮೇಲೆ ತೇಲುವ ಕಿಟ್ಟ) ಅಚ್ಚಿಗೆ ಇಳಿಯುತ್ತದೆ.

ಓಪನ್‌ಫೋಮ್ ಬೇಕಾಗುವುದು ಈ 'ಪೂರ್ತಿ ಬೆರೆಯುತ್ತದೆ' ಎಂಬ ಊಹೆ ಸುಳ್ಳಾಗುವಲ್ಲಿ. ಟಂಡಿಶ್ ಒಳಗೆ ಡ್ಯಾಮ್, ವಿಯರ್ ಎಂಬ ತಡೆಗೋಡೆ ಇಟ್ಟಾಗ ಎಷ್ಟು ಭಾಗ ಸತ್ತ ಮೂಲೆ (ಉಕ್ಕು ಅಲುಗದ ಜಾಗ), ಎಷ್ಟು ಭಾಗ ಬೆರೆಯದೆ ಸಾಲಾಗಿ ಹರಿಯುತ್ತದೆ ಎಂದು ಅದು ಹೇಳುತ್ತದೆ. ಆ ಅಂಕಿಗಳನ್ನು ಶೀಟಿಗೆ ಹಾಕಿದರೆ ಟಂಡಿಶ್ ಮಟ್ಟಿಗೆ ಕೆಲಸ ಮುಗಿಯಿತು.

ಹೊಸಬರು ಮುಗ್ಗರಿಸುವುದು ಬೆರಕೆ ಹರಡುವುದನ್ನು ಲೆಕ್ಕ ಹಾಕುವ ಓಪನ್‌ಫೋಮ್‌ನ ಪ್ರೋಗ್ರಾಂ ಸ್ಕೇಲರ್‌ಟ್ರಾನ್ಸ್‌ಪೋರ್ಟ್‌ಫೋಮ್‌ನಲ್ಲಿ. ಅದು ನೀವು ಕೊಟ್ಟ ಒಂದೇ ಸ್ಥಿರ ಡಿಫ್ಯೂಸಿವಿಟಿಯನ್ನು (ಹರಡುವ ದರ) ನಂಬುತ್ತದೆ. ಟರ್ಬುಲೆನ್ಸ್ (ಹರಿವಿನ ಕದಡಾಟ) ಮಾಡುವ ಬೆರಕೆ ಲೆಕ್ಕಕ್ಕೇ ಬರುವುದಿಲ್ಲ. ಸಿಂಪಲ್‌ಫೋಮ್‌ನಲ್ಲಿ ಹರಿವು ಸ್ಥಿರವಾದ ಮೇಲೆ ಸ್ಕೇಲರ್‌ಟ್ರಾನ್ಸ್‌ಪೋರ್ಟ್ ಫಂಕ್ಷನ್ ಆಬ್ಜೆಕ್ಟ್ (ಮುಖ್ಯ ಲೆಕ್ಕಕ್ಕೆ ಜೋಡಿಸುವ ಉಪಕರಣ) ಬಳಸಿ. ಲೆಕ್ಕದ ವಿಧಾನವಾಗಿ ಅಪ್‌ವಿಂಡ್ ಸ್ಕೀಮ್ ಇಟ್ಟರೆ ಇಲ್ಲದ ಬೆರಕೆಯೂ ಕಾಣುತ್ತದೆ, ವ್ಯಾನ್‌ಲೀರ್ ವಾಸಿ. ಟಂಡಿಶ್ ಮಟ್ಟ ಏರಿಳಿಯುತ್ತಿದ್ದರೆ ಸ್ಥಿರ ಹರಿವಿಗೆ ಅರ್ಥವೇ ಇಲ್ಲ, ಬದಲಾಗುವ ಮೇಲ್ಮಟ್ಟವನ್ನೂ ಲೆಕ್ಕ ಹಾಕುವ ಇಂಟರ್‌ಫೋಮ್ ಬೇಕು, ಮತ್ತು ತುಂಬ ತಾಳ್ಮೆ. ಹೊಸ ಲ್ಯಾಡಲ್‌ನ ಉಕ್ಕು ಕೆಲವೇ ಡಿಗ್ರಿ ಬಿಸಿ ಇದ್ದರೂ ಮೇಲೆ ತೇಲಿ ಹರಿಯುತ್ತದೆ. ಉಷ್ಣತೆ ಬಿಟ್ಟ ಮಾಡೆಲ್ ಇದನ್ನು ತೋರಿಸುವುದಿಲ್ಲ.

ಹಾಸನ ಮಲೆನಾಡಿನ ಅಂಚಿನ ಊರಲ್ಲವೇ, ಮಳೆಗಾಲದಲ್ಲಿ ಕರೆಂಟ್ ನಂಬಬೇಡಿ. ಫಲಿತಾಂಶ ಬರೆಯುವ ಅಂತರ ಚಿಕ್ಕದಿಡಿ, ಕೊನೆಯ ಮೂರು ಮಾತ್ರ ಉಳಿಸಿ, ನಿಂತ ಕಾಲದಿಂದಲೇ ಮುಂದುವರಿಯುವಂತೆ ಹೊಂದಿಸಿ.

ದೊಡ್ಡ ಕೊರತೆ ಟಂಡಿಶ್‌ನ ಆಚೆಗಿದೆ. ಇದೇ ಸ್ಲ್ಯಾಬ್‌ನ ನಡುವೆ ದ್ರವ ಸುಮಾರು 20 ಮೀಟರ್ ಕೆಳಗಿನವರೆಗೂ ಇರುತ್ತದೆ. ಹೊಸ ಉಕ್ಕು ಆ ಕೊಳದೊಳಗೆ ಮೀಟರುಗಟ್ಟಲೆ ನುಗ್ಗುವುದರಿಂದ, ಬದಲಾವಣೆಗೆ ಮುಂಚೆ ಅಚ್ಚು ದಾಟಿದ ಸ್ಲ್ಯಾಬ್‌ನ ಮೇಲ್ಮೈ ಹಳೆ ಗ್ರೇಡ್, ಒಡಲು ಬೆರಕೆ. ಗಟ್ಟಿಯಾಗುತ್ತ ಸಾಗುವ ಸ್ಟ್ರ್ಯಾಂಡನ್ನು ಓಪನ್‌ಫೋಮ್‌ನಲ್ಲಿ ಕಟ್ಟುವುದು ದೊಡ್ಡ ರಗಳೆ. ಒಂದೇ ದಿಕ್ಕಿನ ಸರಳ ಮಾಡೆಲ್ ಅಲ್ಲಿ ಲೇಸು. ತಾಳೆ ನೋಡಲು ಮೇಲ್ಮೈ ಸ್ಯಾಂಪಲ್ ಒಂದೇ ಸಾಲದು, ದಪ್ಪದ ನಡುವಿನಿಂದಲೂ ಡ್ರಿಲ್ ಮಾಡಿಸಿ.