ಹೊಳೆ ಬದಿಯ ಜಾಗ ಜಲ್ಲಿಗೆ ಕೊಡುವವರು ಒಮ್ಮೆ ಓದಿ

ಪಯಸ್ವಿನಿ ಹೊಳೆ ಬದಿಯಲ್ಲಿ ಜಾಗ ಇರುವವರು, ಮುಖ್ಯವಾಗಿ ನಮ್ಮ ಕಾಸರಗೋಡಿನ ಅಡೂರು, ಮುಳ್ಳೇರಿಯ ಕಡೆಯವರು, ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ. ಬೈಯುವುದಾದರೆ ಬೈಯಿರಿ, ತಪ್ಪು ನನ್ನದೂ ಇದೆ.

ನಮ್ಮ ಅಡಿಕೆ ತೋಟದ ಕೆಳಗೆ ಹೊಳೆಗೆ ತಾಗಿ ಒಂದು ತುಂಡು ಜಾಗ ಹಡಿಲು ಬಿದ್ದಿತ್ತು. ಎರಡು ಕೋಲು ಅಗೆದರೆ ಸಾಕು, ಬರೀ ಉರುಟು ಕಲ್ಲು, ಅದರಡಿ ಹೊಯ್ಗೆ, ಅಂದರೆ ಮರಳು. ಯಾವ ಕಾಲದಲ್ಲೋ ಹೊಳೆ ಅಲ್ಲೇ ಹರಿದಿತ್ತು. ಆಗ ಅದು ನನಗೆ ಹೊಳೆಯಲಿಲ್ಲ.

2019ರ ಜನವರಿಯಲ್ಲಿ ಒಬ್ಬ ಕಂಟ್ರಾಕ್ಟರ್ ಬಂದು ಜಲ್ಲಿ ತೆಗೆಯುತ್ತೇನೆ, ಲೋಡಿಗೆ ಇಷ್ಟು ಅಂತ ಲೆಕ್ಕ ಕೊಡುತ್ತೇನೆ ಅಂದ. ಹೊಳೆಯಿಂದ ಹೊಯ್ಗೆ ತೆಗೆಯುವುದಕ್ಕೆ ಕೇರಳದಲ್ಲಿ 2001ರಿಂದಲೇ ಕಾನೂನು ಉಂಟಲ್ಲ ಎಂದು ಕೇಳಿದೆ. "ಇದು ಹೊಳೆ ಅಲ್ಲ ಅಣ್ಣಾ, ನಿಮ್ಮ ಸ್ವಂತ ಜಾಗ, ಪರ್ಮಿಟ್ ಎಲ್ಲ ಉಂಟು" ಅಂತ ಒಂದು ಕಾಗದ ತೋರಿಸಿದ. ಓದಿ ನೋಡದೆ ಒಪ್ಪಿಕೊಂಡೆ. ಐದು ಹೆಕ್ಟೇರಿಗಿಂತ ಚಿಕ್ಕ ಜಾಗಕ್ಕೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದ್ದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಹೊಳೆಗೂ ಹೊಂಡಕ್ಕೂ ನಡುವೆ ಇಪ್ಪತ್ತು ಅಡಿ ದಂಡೆ ಬಿಟ್ಟಿದ್ದ. ಮೇಲಿನ ಮಣ್ಣನ್ನೆಲ್ಲ ಆ ದಂಡೆಯ ಮೇಲೇ ರಾಶಿ ಹಾಕಿಸಿದ. ನೋಡಲಿಕ್ಕೆ ಒಳ್ಳೆ ಕೋಟೆ ಥರ ಇತ್ತು.

ಮಾರ್ಚ್‌ನಲ್ಲಿ ಹೊಂಡದ ತಳದಲ್ಲಿ ನೀರು ಜಿನುಗಲು ಶುರುವಾಯಿತು. ಆಗಲೇ ನಿಲ್ಲಿಸಬೇಕಿತ್ತು. ಹೊಳೆ ಪಾತ್ರದಲ್ಲಿ 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಮೊದಲು ಸಿಗುತ್ತದೋ ಅಲ್ಲಿಗೆ ನಿಲ್ಲಿಸಿ ಎಂದು ಕೇಂದ್ರ ಪರಿಸರ ಸಚಿವಾಲಯದ 2016ರ ಮಾರ್ಗಸೂಚಿಯೇ ಹೇಳುತ್ತದೆ. ಇವನು ದೊಡ್ಡ ಡೀಸೆಲ್ ಪಂಪ್ ತಂದಿಟ್ಟ. ರಾತ್ರಿ ಹಗಲು ಕೆಸರು ನೀರನ್ನು ಸೀದಾ ತೋಡಿಗೆ ಬಿಟ್ಟ. ಹದಿನೈದು ದಿನದಲ್ಲಿ ಆಚೆ ಮನೆಯ ಮಾವನ ಬಾವಿ ತಳ ಕಂಡಿತು. ಹೊಂಡದಿಂದ ನೀರೆತ್ತಿದರೆ ಅದು ಹೊಳೆಯಿಂದ ಮಾತ್ರ ಬರುವುದಲ್ಲ, ಅಕ್ಕಪಕ್ಕದ ಬಾವಿಯಿಂದಲೂ ಬರುತ್ತದೆ. ಮಾವ ಬಂದು ಜಗಳ ಮಾಡಲಿಲ್ಲ. ಕೊಡಪಾನ ಹಿಡಿದುಕೊಂಡು ನಮ್ಮ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ನೀರಿಗೆ ಬಂದರು, ಅಷ್ಟೇ. ಅದು ಜಗಳಕ್ಕಿಂತ ಜಾಸ್ತಿ ಉರಿಯಿತು.

ಮಳೆಗಾಲಕ್ಕೆ ಮೊದಲು ಮುಚ್ಚುತ್ತೇನೆ ಅಂದಿದ್ದ. ಮುಚ್ಚಲಿಲ್ಲ. ಮಳೆ ಬಿಟ್ಟಾಗ ನಾಲ್ಕು ಲೋಡ್ ಎತ್ತುವ ಆಸೆಗೆ ಆಟಿ ತಿಂಗಳ ಜಡಿಮಳೆಯಲ್ಲೂ ಪಂಪ್ ನಡೆಯುತ್ತಿತ್ತು.

ಆಗಸ್ಟ್ ಎರಡನೇ ವಾರ. ಆ ಬೆಳಗ್ಗೆ ನಮ್ಮಲ್ಲಿ ದೊಡ್ಡ ಮಳೆಯೇ ಇರಲಿಲ್ಲ, ಸುಮ್ನೆ ಹನಿಯುತ್ತಿತ್ತು. ಆದರೆ ಹೊಳೆ ಕೆಂಪಾಗಿ ಏರುತ್ತಿತ್ತು. ಪಯಸ್ವಿನಿ ಹುಟ್ಟುವುದು ಕೊಡಗಿನ ಗುಡ್ಡದಲ್ಲಿ ಅಲ್ವಾ, ಅಲ್ಲಿ ಸುರಿದದ್ದು ಸುಳ್ಯ ದಾಟಿ ನಮ್ಮಲ್ಲಿಗೆ ಬರುತ್ತದೆ. ಹಿಂದಿನ ವರ್ಷವೇ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಜರಿದಾಗ ಅದನ್ನು ಕಣ್ಣಾರೆ ಕಂಡವನು ನಾನು. ಆದರೂ ಬುದ್ಧಿ ಬರಲಿಲ್ಲ.

ನಾನಂದುಕೊಂಡದ್ದು, ಹೊಳೆ ದಂಡೆಯನ್ನು ತನ್ನ ಕಡೆಯಿಂದ ಕೊರೆಯುತ್ತದೆ ಅಂತ. ಆದದ್ದು ಉಲ್ಟಾ. ಮಣ್ಣಿನ ರಾಶಿಯಲ್ಲಿ ಟಿಪ್ಪರ್ ತಿರುಗಲು ಬಿಟ್ಟ ಒಂದು ತಗ್ಗಿನಿಂದ ಮೊದಲು ಒಂದು ಗೇಣಿನಷ್ಟು ನೀರು ದಾಟಿತು. ಆಚೆ ಬದಿ ಖಾಲಿ ಹೊಂಡ, ನೀರು ಧುಮುಕಿದ್ದು ಅಬ್ಬಿಯ ಹಾಗೆ. ಬಿದ್ದ ಜಾಗದಲ್ಲಿ ದಂಡೆಯ ಬುಡ ಕಿತ್ತು ಬಂತು, ಮೇಲಿನದ್ದು ತುಂಡು ತುಂಡಾಗಿ ಕಳಚಿ ಹೊಂಡಕ್ಕೆ ಬಿತ್ತು. ಇಪ್ಪತ್ತು ಅಡಿ ದಂಡೆ ಹೊಂಡದ ಕಡೆಯಿಂದ ಹೊಳೆಯ ಕಡೆಗೆ ಸವೆದು ಬಂತು. ನಾನು ಮನೆಗೆ ಓಡಿ ಮಗನನ್ನು ಕರೆದುಕೊಂಡು ಬರುವಷ್ಟರಲ್ಲಿ ದಂಡೆ ಇರಲಿಲ್ಲ. ಹೊಂಡವೇ ಹೊಳೆಯಾಗಿತ್ತು. ಒಳಗೇ ಬಿಟ್ಟಿದ್ದ ಜೆಸಿಬಿಯ ಬಕೆಟ್ ಮಾತ್ರ ಮೇಲೆ ಕಾಣುತ್ತಿತ್ತು, ಸುತ್ತ ಡೀಸೆಲ್ ವಾಸನೆ.

ಆಮೇಲೆ ಹೊಂಡದ ಮೇಲ್ಬದಿ, ಅಂದರೆ ನೀರು ಒಳಗೆ ಇಳಿಯುವ ಕಡೆ, ಹಿಂದಕ್ಕೆ ಹಿಂದಕ್ಕೆ ಜರಿಯತೊಡಗಿತು. ಅಲ್ಲಿದ್ದದ್ದು ನನ್ನ ಅಡಿಕೆ. ಮರಗಳು ಮುರಿಯಲಿಲ್ಲ. ನಿಂತಲ್ಲೇ ಸ್ವಲ್ಪ ನಡುಗಿ, ಬೇರಿನ ಮಣ್ಣು ಸಮೇತ ನೆಟ್ಟಗೆ ಕೆಳಗೆ ಇಳಿದವು. ಅರುವತ್ತನಾಲ್ಕು ಎಣಿಸಿದೆ, ಮತ್ತೆ ಎಣಿಸಲು ಮನಸ್ಸಾಗಲಿಲ್ಲ.

ಒಬ್ಬ ಪರಿಚಯದ ಇಂಜಿನಿಯರ್ ಬಂದು ನೋಡಿ ಹೇಳಿದ್ದು ಇಷ್ಟು. ಹೊಳೆ ಬದಿಯ ಹೊಂಡಕ್ಕೆ ನೆರೆ ನೀರು ಬಂದೇ ಬರುತ್ತದೆ, ಅದನ್ನು ತಡೆಯಲು ಹೋಗಬಾರದು, ಎಲ್ಲಿಂದ ಬರಬೇಕು ಅಂತ ನಾವು ಮೊದಲೇ ಜಾಗ ಮಾಡಿಕೊಡಬೇಕು. ಹೊಂಡದ ಕೆಳತುದಿಯಲ್ಲಿ ದಂಡೆಯನ್ನು ಅಗಲಕ್ಕೆ ತಗ್ಗಿಸಿ, ದೊಡ್ಡ ಕಲ್ಲು ಹಾಸಿ ಬಿಟ್ಟರೆ ಹೊಳೆ ಏರುವಾಗ ನೀರು ಹಿಂದಿನಿಂದ ಮೆಲ್ಲ ತುಂಬುತ್ತದೆ. ಒಳಗೂ ಹೊರಗೂ ಮಟ್ಟ ಒಂದೇ ಆದರೆ ಧುಮುಕುವುದೇ ಇಲ್ಲ. ಬದಿಗಳು ಗೋಡೆ ಹಾಗೆ ನೆಟ್ಟಗಿರದೆ ಇಳಿಜಾರಾಗಿರಬೇಕು. ಮಣ್ಣಿನ ರಾಶಿ ದಂಡೆ ಮೇಲೆ ಬೇಡವೇ ಬೇಡ, ಅದು ನೀರನ್ನು ಒಂದೇ ಕಡೆಗೆ ಒತ್ತಿ ತಳ್ಳುತ್ತದೆ. ಪಂಪಿನ ನೀರು ಒಂದು ಗುಂಡಿಯಲ್ಲಿ ತಿಳಿಯಾದ ಮೇಲೆಯೇ ತೋಡಿಗೆ ಹೋಗಬೇಕು. ಮೇ ಕೊನೆಗೆ ಪಂಪ್, ಜೆಸಿಬಿ, ಡೀಸೆಲ್ ಎಲ್ಲ ಹಳೇ ನೆರೆ ಗುರುತಿಗಿಂತ ಮೇಲೆ ಇರಬೇಕು. ಆ ಗುರುತು ಎಲ್ಲಿದೆ ಎಂದು ಪಕ್ಕದ ಮಾವನಿಗೆ ಗೊತ್ತಿತ್ತು. ನಾನು ಕೇಳಲಿಲ್ಲ, ಕಂಟ್ರಾಕ್ಟರ್ ಅಂತೂ ಕೇಳುವವನೇ ಅಲ್ಲ.

ಕಂಟ್ರಾಕ್ಟರ್ ಜೆಸಿಬಿ ಎತ್ತಿಕೊಂಡು ಹೋದವನು ಮತ್ತೆ ಫೋನ್ ತೆಗೆಯಲಿಲ್ಲ. ಕರಾರಿನಲ್ಲಿ ಲೋಡಿನ ರೇಟ್ ಇತ್ತು, ಹೊಂಡ ಮುಚ್ಚುವ ಮಾತು ಇರಲಿಲ್ಲ. ಬಾಯಿಮಾತಿಗೆ ಯಾವ ಆಫೀಸಿನಲ್ಲೂ ಬೆಲೆ ಇಲ್ಲ.

ಮರು ಬೇಸಿಗೆಯಲ್ಲಿ ಇನ್ನೊಂದು ತಮಾಷೆ. ನಾವು ಪ್ರತಿ ವರ್ಷ ಹೊಳೆಗೆ ಕಟ್ಟ (ಬೇಸಿಗೆಗೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಹಾಕುತ್ತಿದ್ದ ಜಾಗ, ಹೊಂಡದಿಂದ ಎಷ್ಟೋ ಮೇಲೆ ಇದ್ದದ್ದು, ಅಲ್ಲೂ ತಳ ಒಂದಾಳು ಇಳಿದಿತ್ತು. ಹಾಸಿದ್ದ ಜಲ್ಲಿಯನ್ನೆಲ್ಲ ಹೊಳೆ ತಂದು ನನ್ನ ಹೊಂಡಕ್ಕೆ ತುಂಬಿಸಿಕೊಂಡಿತ್ತು. ಆ ವರ್ಷ ಕಟ್ಟ ನಿಲ್ಲಲಿಲ್ಲ, ಮೇಲಿನ ಆರು ಮನೆಯವರ ತೋಟಕ್ಕೂ ನೀರಿಲ್ಲ. ಅವರಲ್ಲಿ ಇಬ್ಬರು ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ.

ಈಗ ಹೊಳೆಯ ಇನ್ನೊಂದು ತಿರುವಿನಲ್ಲಿ ಯಾರೋ ಜಾಗ ಕೇಳುತ್ತಿದ್ದಾರೆ ಅಂತ ಸುದ್ದಿ. ಕೊಡುವವರು ಮೊದಲು ನಮ್ಮಲ್ಲಿಗೆ ಬನ್ನಿ, ತೋರಿಸುತ್ತೇನೆ. ಮಳೆಗಾಲಕ್ಕೆ ಮೊದಲೇ ಬನ್ನಿ, ಆಮೇಲೆ ಆ ಜಾಗಕ್ಕೆ ಇಳಿಯಲು ಆಗುವುದಿಲ್ಲ.