ಮೂರು ಬೇಸಿಗೆ, ಮೂರು ಕಡಲ ತೀರ: ಗೋಕರ್ಣ, ಸೂರ್ಯಲಂಕ, ಕಾಸರಕೋಡ

ಕಲಬುರಗಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರ. ಪಶ್ಚಿಮಕ್ಕೆ ಗೋಕರ್ಣ ಸುಮಾರು 500 ಕಿಲೋಮೀಟರ್. ಪೂರ್ವಕ್ಕೆ ಹೈದರಾಬಾದ್ ದಾಟಿ ಆಂಧ್ರದ ಬಾಪಟ್ಲ ಅದಕ್ಕಿಂತ ತುಸು ಹೆಚ್ಚು. ಹಾಗಾಗಿ ಮಂಗಳೂರಿನವರ ತಲೆಗೆ ಎಂದೂ ಬರದ ಪ್ರಶ್ನೆ ನಮ್ಮ ಮನೆಯಲ್ಲಿ ಪ್ರತಿ ಯುಗಾದಿಗೆ ಏಳುತ್ತದೆ: ಸೂರ್ಯ ಮುಳುಗುವ ಕಡಲಿಗೋ, ಹುಟ್ಟುವ ಕಡಲಿಗೋ? ಮೂರು ಬೇಸಿಗೆ ಮೂರು ಕಡೆ ಹೋಗಿ ನೋಡಿದ್ದಾಯಿತು. 2022ರ ಏಪ್ರಿಲ್‌ನಲ್ಲಿ ಸ್ವಂತ ಟೆಂಟ್ ಕಟ್ಟಿಕೊಂಡು ಗೋಕರ್ಣಕ್ಕೆ, 2023ರ ಮೇನಲ್ಲಿ ರೈಲು ಹತ್ತಿ ಬಾಪಟ್ಲದ ಸೂರ್ಯಲಂಕಕ್ಕೆ, 2024ರ ಏಪ್ರಿಲ್‌ನಲ್ಲಿ ಹೊನ್ನಾವರದ ಪಕ್ಕದ ಕಾಸರಕೋಡಿಗೆ. ಕಾಸರಕೋಡಿನಲ್ಲಿ ಟೆಂಟ್ ಬಾಡಿಗೆಗೆ ಕೊಡುವವರದೇ, ನಾವು ಹೋಗಿ ಮಲಗುವುದಷ್ಟೇ.

ಹೋದವರು ಐದು ಜನ. ನಾನು, ನಮ್ಮನೆಯವರು, ಈಗ ಹೈಸ್ಕೂಲಿನಲ್ಲಿರುವ ಮಗಳು, ನೀರು ಕಂಡರೆ ಕಿವಿ ಕೇಳಿಸದ ಮಗ, ಮತ್ತು ಮೊಣಕಾಲು ನೋವಿನ ನಮ್ಮ ಅತ್ತಿ. ಕೊನೆಯ ತೀರ್ಪು ಕೊಟ್ಟದ್ದು ಅತ್ತಿಯ ಮೊಣಕಾಲು ಅಂತ ಈಗಲೇ ಹೇಳಿಬಿಡುತ್ತೇನೆ.

ಗೋಕರ್ಣಕ್ಕೆ ಹೊರಡುವ ಮೊದಲು ಮಾಳಿಗೆ ಮೇಲೆ ಟೆಂಟ್ ಹಾಕಿ ತಾಲೀಮು ಮಾಡಿದ್ದೆವು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವುದು ನಮ್ಮ ಮಂದಿಗೆ ಹೊಸದಲ್ಲ. ಹಗಲು ಕಾದ ಕಾಂಕ್ರೀಟಿಗೆ ಸಂಜೆ ನೀರು ಚಿಮುಕಿಸಿ, ಟೆಂಟಿನ ಬಾಗಿಲಿಗೆ ಒದ್ದೆ ಟವೆಲ್ ಇಳಿಬಿಟ್ಟೆವು. ರಾತ್ರಿ ಎರಡರ ಹೊತ್ತಿಗೆ ಮಗ ಹೊದಿಕೆ ಕೇಳಿದ. 42 ಡಿಗ್ರಿ ತಡಕೊಂಡವರಿಗೆ ಕಡಲ ದಂಡೆಯ 34 ಡಿಗ್ರಿ ಯಾವ ಲೆಕ್ಕ ಅಂತ ನಮ್ಮನೆಯವರು ಮೀಸೆ ತಿರುವಿದರು.

ಆ 34 ಡಿಗ್ರಿಯ ಲೆಕ್ಕ ಗೋಕರ್ಣದಲ್ಲಿ ಮೊದಲ ರಾತ್ರಿಯೇ ಸಿಕ್ಕಿತು. ಅದೇ ಟವೆಲ್ ಒದ್ದೆ ಮಾಡಿ ಅದೇ ಬಾಗಿಲಿಗೆ ಹಾಕಿದೆವು. ಬೆಳಗಿನ ತನಕ ಅದು ಒಣಗಲಿಲ್ಲ, ನಾವೂ ಒಣಗಲಿಲ್ಲ. ನಮ್ಮ ಕೂಲರ್, ಮಣ್ಣಿನ ಗಡಿಗೆ, ಒದ್ದೆ ಟವೆಲ್ ಎಲ್ಲದರ ಗುಟ್ಟು ಒಂದೇ. ಒಣ ಗಾಳಿ ನೀರು ಕುಡಿಯುತ್ತದೆ, ನೀರು ಆವಿಯಾಗುತ್ತ ಸುತ್ತಲಿನ ಕಾವು ಎಳೆದುಕೊಳ್ಳುತ್ತದೆ. ಕಡಲ ದಂಡೆಯ ಗಾಳಿ ಮೊದಲೇ ಹೊಟ್ಟೆ ತುಂಬ ನೀರು ಕುಡಿದು ಕೂತಿರುತ್ತದೆ. ಮೈಮೇಲಿನ ಬೆವರನ್ನೂ ಅದು ಮುಟ್ಟುವುದಿಲ್ಲ. ಕಲಬುರಗಿಯ ಬಿಸಿಲಲ್ಲಿ ಕಲಿತ ಬುದ್ಧಿಯೆಲ್ಲ ಅರಬೈಲ್ ಘಟ್ಟ ಇಳಿಯುವಾಗ ಕಾರಿನಿಂದ ಉದುರಿಹೋಗಿರಬೇಕು. (ಆ ಘಟ್ಟದ ತಿರುವುಗಳಲ್ಲಿ ಮಗಳು ಎರಡು ಸಲ ಕಾರು ನಿಲ್ಲಿಸಿದಳು. ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ ತನಕ ನೆಟ್ಟಗಿದ್ದ ಹೊಟ್ಟೆ ಯಲ್ಲಾಪುರ ದಾಟಿದ ಮೇಲೆ ಕೈಕೊಡುತ್ತದೆ. ನಿಂಬೆಹಣ್ಣು ಜೊತೆಗಿರಲಿ.)

ರೊಟ್ಟಿಯ ಕಥೆಯೂ ಇದೇ. ಅತ್ತಿ ನೂರು ಖಡಕ್ ರೊಟ್ಟಿ ಬಡಿದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ್ದರು. ನಮ್ಮಲ್ಲಿ ಆ ಗಂಟು ತಿಂಗಳಿಟ್ಟರೂ ಏನೂ ಆಗುವುದಿಲ್ಲ. ಗೋಕರ್ಣದಲ್ಲಿ ಎರಡನೇ ದಿನ ಗಂಟು ಬಿಚ್ಚಿದರೆ ಮುರಿದಾಗ ಬರಬೇಕಾದ ಟಪ್ ಸದ್ದೇ ಇಲ್ಲ. ರೊಟ್ಟಿ ತೊಗಲಿನ ಹಾಗೆ ಬಾಗಿತು. ಅತ್ತಿ ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು, ಮಡಚಿ, ಮತ್ತೆ ಬಿಚ್ಚಿ, "ಯವ್ವಾ, ಇದೇನು ರೊಟ್ಟಿನೋ ಚಪ್ಪಲಿ ಅಟ್ಟಿನೋ?" ಅಂದರು. ಶೇಂಗಾ ಹಿಂಡಿ ಮಾತ್ರ ಡಬ್ಬಿಯಲ್ಲಿದ್ದದ್ದಕ್ಕೆ ಉಳಿಯಿತು.

ಚಪ್ಪಲಿ ಅಂದಾಗ ನೆನಪಾಯಿತು. ನಾವು ಹೋದದ್ದು ದವನದ ಹುಣ್ಣಿಮೆಯ ಮರುದಿನ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತ ಎಲ್ಲ ದಿನಗಳಿಗಿಂತ ಮೇಲೆ ಬರುತ್ತದೆ ಅನ್ನುವುದನ್ನು ಪುಸ್ತಕದಲ್ಲಿ ಓದಿದ್ದೆವು, ಮರಳಲ್ಲಿ ನೋಡಿರಲಿಲ್ಲ. ಅತ್ತಿ ಚಪ್ಪಲಿ ಬಿಟ್ಟು ಅಲೆಯ ಅಂಚಿನಲ್ಲಿ ಕಾಲು ಚಾಚಿ ಕೂತಿದ್ದರು. ಅಲ್ಲೇ ಬಲೆ ಸರಿಮಾಡುತ್ತಿದ್ದ ಹೆಂಗಸು ಕೂಗಿ ಹೇಳಿದಳು: "ಅಮ್ಮಾ, ನೀರು ಬತ್ತದೆ, ನೀರು ಬತ್ತದೆ!" ಆ ಸೀಮೆಯಲ್ಲಿ ಬತ್ತದೆ ಅಂದರೆ ಬರುತ್ತದೆ. ನಮ್ಮ ಅತ್ತಿಗೆ ಬತ್ತುವುದು ಅಂದರೆ ಬಾವಿ ಬತ್ತುವುದು. ನೀರು ಹಿಂದಕ್ಕೆ ಹೋಗುತ್ತದಂತೆ ಅಂತ ನೆಮ್ಮದಿಯಾಗಿ ಕೂತರು. ಮುಂದಿನ ದೊಡ್ಡ ಅಲೆ ಎಡಗಾಲಿನ ಚಪ್ಪಲಿ ಒಯ್ದಿತು. ಬಲಗಾಲಿನದನ್ನು ಮಗ ಓಡಿ ಹಿಡಿದ. ಒಂದು ಚಪ್ಪಲಿ ಇಟ್ಟುಕೊಂಡು ಏನು ಮಾಡುವುದು ಅಂತ ಯಾರಿಗೂ ಹೊಳೆಯಲಿಲ್ಲ, ಆದರೂ ಮನೆಗೆ ತಂದೆವು.

ಸ್ವಂತ ಟೆಂಟಿನ ಗುಣದೋಷ ಹೇಳಬೇಕು. ಮರಳ ಮೇಲೇ ಹಾಕುತ್ತೇವೆ ಅಂದಾಗ ಬೀಚಿನಲ್ಲಿ ಕಾವಲಿದ್ದವರು ಒಪ್ಪಲಿಲ್ಲ, ಹಿಂದಿನ ತೆಂಗಿನ ತೋಟದಲ್ಲಿ ತಲೆಗೆ 400 ರೂಪಾಯಿಯಂತೆ ಜಾಗ ಸಿಕ್ಕಿತು. ಟೆಂಟ್ ಜೊತೆ ಬಂದ ತಂತಿಯ ಗೂಟಗಳು ನಮ್ಮ ಕರಿಮಣ್ಣಿನಲ್ಲಿ ಭದ್ರವಾಗಿ ನಿಲ್ಲುತ್ತವೆ. ಅಲ್ಲಿನ ಸಡಿಲ ಮಣ್ಣಿನಲ್ಲಿ ಸಂಜೆಯ ಗಾಳಿಗೇ ಎದ್ದುಬಂದವು. ತೊಗರಿಬೇಳೆಯ ಖಾಲಿ ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳ ಹೂತ ಮೇಲೆ ಜಗ್ಗಲಿಲ್ಲ. ಇನ್ನೊಂದು ತಪ್ಪು ಬಾಗಿಲಿನದು. ಹಗಲು ಸಮುದ್ರದಿಂದ ಗಾಳಿ ಬರುತ್ತದಲ್ಲ ಅಂತ ಇದ್ದ ಒಂದೇ ಬಾಗಿಲನ್ನು ಕಡಲಿಗೆ ಮುಖ ಮಾಡಿ ಹಾಕಿದೆವು. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಹನ್ನೊಂದರ ಮೇಲೆ ಟೆಂಟಿನ ಬೆನ್ನಿಗೆ ಗಾಳಿ, ಒಳಗೆ ನಾವು ಕುಚ್ಚಲಕ್ಕಿಯ ಹಾಗೆ ಬೇಯುವುದು. ಕಡಲಿಗೆ ಒಯ್ಯುವ ಟೆಂಟಿಗೆ ಎದುರುಬದುರು ಎರಡು ಬಾಗಿಲಿರಬೇಕು. ನಾಲ್ಕು ಜನರ ಟೆಂಟ್ ಅಂತ ಬರೆದಿದ್ದರೆ ಮೂರು ಜನರದು ಅಂತ ಓದಿಕೊಳ್ಳಿ.

ಅತ್ತಿಗೆ ಮಾತ್ರ ಅದು ಶಿಕ್ಷೆಯೇ. ನೆಲದ ಚಾಪೆಯಿಂದ ಏಳಬೇಕು, ಬಗ್ಗಿ ಹೊರಬರಬೇಕು, ಬ್ಯಾಟರಿ ಹಿಡಿದು ಅರವತ್ತು ಹೆಜ್ಜೆ ನಡೆದರೆ ಶೌಚಾಲಯ, ಅದೂ ಕುಕ್ಕರಗಾಲಿನದು. ಎರಡನೇ ರಾತ್ರಿ ಅವರು ಕಾರಿನ ಮುಂದಿನ ಸೀಟಿನಲ್ಲೇ ಮಲಗಿದರು. ಮಹಾಬಲೇಶ್ವರನ ದರ್ಶನವಾದದ್ದಕ್ಕೆ ಮಾತ್ರ ನಮ್ಮನ್ನು ಕ್ಷಮಿಸಿದರು. ಮಕ್ಕಳನ್ನು ಕೇಳಿದರೆ ಬೇರೆ ಮಾತು. ಕುಡ್ಲೆ ದಂಡೆಯಲ್ಲಿ ಆಡಿದ್ದು, ಓಂ ಬೀಚಿನ ಬಂಡೆ ಹತ್ತಿದ್ದು, ತಾವೇ ಗೂಟ ಹೊಡೆದದ್ದು, ಇಂದಿಗೂ ಅವರಿಗೆ ಗೋಕರ್ಣವೇ ಫಸ್ಟ್.

ಸೂರ್ಯಲಂಕಕ್ಕೆ ಹೊರಟಿದ್ದು ಘಟ್ಟದ ವಾಂತಿ ತಪ್ಪಿಸಲಿಕ್ಕೆ. ಕೋಣಾರ್ಕ್ ಎಕ್ಸ್‌ಪ್ರೆಸ್ ಕಲಬುರಗಿಯಿಂದ ವಾಡಿ, ಸಿಕಂದರಾಬಾದ್ ಮೇಲೆ ವಿಜಯವಾಡಕ್ಕೆ ಹೋಗುತ್ತದೆ, ಅಲ್ಲಿಂದ ಚೆನ್ನೈ ದಾರಿಯಲ್ಲಿ ಬಾಪಟ್ಲ. ಪ್ರಯಾಣದ ಮಟ್ಟಿಗೆ ಮೂರರಲ್ಲಿ ಇದೇ ಛಲೋ. ಕಾಲು ಚಾಚಿ ಮಲಗಿ ಹೋದೆವು, ಯಾರ ಸೊಂಟವೂ ಹಿಡಿಯಲಿಲ್ಲ. ಇನ್ನೊಂದು ಅನುಕೂಲ ಮೊದಲು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅತ್ತಿಯ ತವರು ಸೇಡಂ ಕಡೆ, ತೆಲುಗು ಅವರಿಗೆ ಹಾಲು ಕುಡಿದಷ್ಟು ಸಲೀಸು. ಗೋಕರ್ಣದಲ್ಲಿ ಕನ್ನಡದಲ್ಲೇ ಚಪ್ಪಲಿ ಕಳಕೊಂಡವರು ಬಾಪಟ್ಲದಲ್ಲಿ ಆಟೋದವನ ಹತ್ತಿರ ಐವತ್ತು ರೂಪಾಯಿ ಚೌಕಾಸಿ ಮಾಡಿ ಇಳಿಸಿದರು.

ಅಲ್ಲಿಗೆ ಹೊಗಳಿಕೆ ಮುಗಿಯಿತು. ಮೇ ತಿಂಗಳಲ್ಲಿ ಪೂರ್ವ ಕರಾವಳಿಗೆ ಹೋಗಬಾರದಿತ್ತು. ಆ ದಿನಗಳಲ್ಲಿ ಅಲ್ಲಿ ನೆಲದ ಕಡೆಯಿಂದ, ಅಂದರೆ ನಮ್ಮ ಕಡೆಯಿಂದಲೇ, ಕಾದ ಪಡುವಣ ಗಾಳಿ ಬೀಸುತ್ತಿರುತ್ತದೆ. ಅದು ಜೋರಾಗಿದ್ದ ದಿನ ಕಡಲ ಗಾಳಿಗೆ ಒಳಗೆ ಬರಲು ದಾರಿಯೇ ಇಲ್ಲ. ಊರಿನ ಬಿಸಿಲು ಬಿಟ್ಟು ಓಡಿಬಂದರೆ ಅದು ನಮ್ಮ ಹಿಂದೆಯೇ ಟಿಕೆಟ್ ತೆಗೆಸಿಕೊಂಡು ಬಂದ ಹಾಗೆ. ಮಧ್ಯಾಹ್ನ ಹನ್ನೆರಡರಿಂದ ಐದರ ತನಕ ರೂಮಿನ ಏಸಿ ಬಿಟ್ಟು ಹೊರಗೆ ಬರಲಿಲ್ಲ. ಒಯ್ದಿದ್ದ ಟೆಂಟನ್ನು ಅಂಗಳದಲ್ಲಿ ಮಕ್ಕಳಿಗಾಗಿ ಒಂದೇ ರಾತ್ರಿ ಹಾಕಿದೆವು. ಹತ್ತೂವರೆಗೆ ಇಬ್ಬರೂ ದಿಂಬು ಹಿಡಿದು ಬಾಗಿಲು ತಟ್ಟಿದರು.

ಇದರ ಮೇಲೆ ಚಂಡಮಾರುತದ ಹೆದರಿಕೆ ಬೇರೆ. ನಾವು ಹೋಗುವ ಹಿಂದಿನ ವರ್ಷ, 2022ರ ಮೇ ತಿಂಗಳಲ್ಲಿ ಅಸಾನಿ ಮಚಲೀಪಟ್ಟಣದ ಹತ್ತಿರ ದಡ ಸೇರಿತ್ತು. ಪಶ್ಚಿಮ ಕರಾವಳಿಯೂ ಇದಕ್ಕೆ ಹೊರತಲ್ಲ, 2021ರ ಮೇನಲ್ಲಿ ತೌಕ್ತೆ ನಮ್ಮ ಕರಾವಳಿಗೂ ಪೆಟ್ಟು ಕೊಟ್ಟಿತ್ತು. ಮಕ್ಕಳನ್ನು ಕರಕೊಂಡು ಹೋಗುವವರು ಯಾವ ಕಡಲಾದರೂ ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ.

ನಮ್ಮನೆಯವರಿಗೆ ಇನ್ನೊಂದು ನಿರಾಸೆ. ಮನೆಯಲ್ಲಿ ಶುದ್ಧ ಶಾಕಾಹಾರಿ, ಊರು ದಾಟಿದರೆ ಮೀನಿನ ಭಕ್ತ. (ಅತ್ತಿ ಮೊಬೈಲಿನಲ್ಲಿ ಭಜನೆ ಬಿಟ್ಟು ಬೇರೇನೂ ನೋಡುವುದಿಲ್ಲ, ಆದ್ದರಿಂದ ಬರೆಯಬಹುದು.) ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮೊಟ್ಟೆಯಿಡುವ ಕಾಲ ಅಂತ. ನಮ್ಮ ಬೇಸಿಗೆ ರಜೆಯ ಬಹುಪಾಲು ಅದರೊಳಗೇ ಬೀಳುತ್ತದೆ. ಕೊಳದಲ್ಲಿ ಸಾಕಿದ ಸೀಗಡಿಯಲ್ಲಿ ಸಮಾಧಾನ ಪಟ್ಟರು. ಕರ್ನಾಟಕದ ಕರಾವಳಿಯಲ್ಲಿ ನಿಷೇಧ ಜೂನ್ 1ರಿಂದ ಜುಲೈ 31ರ ತನಕ. ಏಪ್ರಿಲ್, ಮೇನಲ್ಲಿ ಹೋದವರಿಗೆ ತಾಟಿನ ತುಂಬ ಮೀನು.

ಸೂರ್ಯಲಂಕದ್ದು ಒಂದೇ ಒಂದು ಗಳಿಗೆ ಮರೆಯಲಾರೆ. ಬೆಳಗ್ಗೆ ಐದೂವರೆಗೆ ಅತ್ತಿಯನ್ನು ಕುರ್ಚಿ ಸಮೇತ ದಂಡೆಗೆ ಒಯ್ದೆವು. ಕೆಂಪಗೆ, ಹಂಚಿನಿಂದ ಈಗಷ್ಟೇ ತೆಗೆದ ಹೋಳಿಗೆಯಷ್ಟು ದೊಡ್ಡ ಸೂರ್ಯ ನೀರಿನಿಂದ ಮೇಲೆದ್ದ. ಅವರು ಕೂತಲ್ಲೇ ಕೈ ಮುಗಿದರು. ಹೊಲದ ಬದುವಿನಾಚೆ ಹುಟ್ಟುವ ಸೂರ್ಯನನ್ನು ಕಂಡವರಿಗೆ ನೀರಿನಲ್ಲಿ ಹುಟ್ಟುವವನು ಬೇರೆಯೇ ದೇವರು. ಏಳೂವರೆಗೆ ಅದೇ ದೇವರು ನಮ್ಮನ್ನು ಒಳಗೆ ಓಡಿಸಿದ.

ಕಾಸರಕೋಡಿನ ಬಗ್ಗೆ ಬರೆಯಲು ಅನಾಹುತ ಕಡಿಮೆ, ಅದೇ ಅದರ ಗುಣ. ಪಡುಬಿದ್ರಿಯ ಜೊತೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಬೀಚ್ ಅದು. ಆ ಬಾವುಟಕ್ಕೆ ನೀರಿನ ಪರೀಕ್ಷೆ, ಜೀವರಕ್ಷಕರು, ಶೌಚಾಲಯ, ಸ್ನಾನದ ವ್ಯವಸ್ಥೆ ಎಲ್ಲ ಬೇಕು. ಹಾಗಾಗಿ ಉಪ್ಪು ನೀರಿನಲ್ಲಿ ನೆನೆದ ಮಕ್ಕಳನ್ನು ಅಲ್ಲೇ ತೊಳೆದು ಕರೆತರಬಹುದು. ದಂಡೆಯ ಹಿಂದೆ ಗಾಳಿಮರಗಳ ತೋಪು. ಅದರ ಸೂಜಿಯಂಥ ಎಲೆಗಳ ಮೇಲೆ ಬರಿಗಾಲಲ್ಲಿ ನಡೆದರೂ ಮರಳಿನಂತೆ ಸುಡುವುದಿಲ್ಲ.

ಬಾಡಿಗೆ ಟೆಂಟ್ ಅಂದರೆ ಹೆಸರಿಗೆ ಟೆಂಟ್. ಕೆಳಗೆ ಸಿಮೆಂಟ್ ಕಟ್ಟೆ, ಒಳಗೆ ಮಂಚ, ನಿಂತು ಓಡಾಡುವಷ್ಟು ಎತ್ತರ, ಒಂದು ದೊಡ್ಡ ಫ್ಯಾನು, ಹಿಂದುಗಡೆ ಅಂಟಿಕೊಂಡೇ ಕಮೋಡ್ ಇರುವ ಬಾತ್‌ರೂಮು. ಎರಡು ಹೊತ್ತು ಊಟ ಸೇರಿ ಐದು ಜನಕ್ಕೆ ರಾತ್ರಿಗೆ 4,500 ರೂಪಾಯಿ ತೆತ್ತೆವು. ಗೋಕರ್ಣದಲ್ಲಿ ಜಾಗಕ್ಕೆ ಎರಡು ಸಾವಿರ, ಊಟ ಬೇರೆ, 6,500 ಕೊಟ್ಟು ಕೊಂಡ ಟೆಂಟೂ ಬೇರೆ. ಕೂಡಿಸಿ ನೋಡಿದರೆ ವರ್ಷಕ್ಕೊಮ್ಮೆ ಹೋಗುವವರಿಗೆ ಸ್ವಂತ ಟೆಂಟ್ ಅಗ್ಗ ಅನ್ನುವುದು ಭ್ರಮೆ.

ತಕರಾರು ಇಲ್ಲವೇ ಇಲ್ಲ ಅಂತಲ್ಲ. ಫೋಟೋದಲ್ಲಿ ಟೆಂಟಿನ ಬಾಗಿಲಿಗೇ ಅಲೆ ಬಡಿಯುವಂತಿತ್ತು, ಹೋಗಿ ನೋಡಿದರೆ ನಡುವೆ ರಸ್ತೆ. ಒಂದು ರಾತ್ರಿ ಕರೆಂಟ್ ಹೋಗಿ ಫ್ಯಾನು ನಿಂತಿತು, ಜನರೇಟರ್ ಇದೆ ಅಂದವರು ಡೀಸೆಲ್ ತರಲು ಹೋದವರು ಬೆಳಗ್ಗೆ ಬಂದರು. ಆಗ ಮಾತ್ರ ಗೋಕರ್ಣ ನೆನಪಾಯಿತು. ಈ ಸಲ ಎರಡೂ ಕಡೆಯ ಪರದೆ ಎತ್ತಿ ಕಟ್ಟಬಹುದಿತ್ತು, ನೆಲದ ಗಾಳಿ ಆರಾಮಾಗಿ ಹಾದುಹೋಯಿತು. ಸೊಳ್ಳೆಯೂ ಅದರ ಜೊತೆಗೇ ಬಂತು.

ಅತ್ತಿಗೆ ಹಗಲಿನ ಕಾರ್ಯಕ್ರಮವೂ ಅಲ್ಲೇ ಸಿಕ್ಕಿತು. ಒಂದು ದಿನ ಇಡಗುಂಜಿ ಗಣಪತಿ, ಇನ್ನೊಂದು ದಿನ ಮುರುಡೇಶ್ವರ, ಸಂಜೆ ಶರಾವತಿಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಮರದ ಸೇತುವೆ. ದೇವರು ಹತ್ತಿರವಿದ್ದರೆ ಹಿರಿಯರು ಸಮುದ್ರವನ್ನು ಸಹಿಸುತ್ತಾರೆ. ಮೂರನೇ ದಿನ ತಾವಾಗಿಯೇ ಅಂದರು: "ಇನ್ನೊಂದ್ ದಿನ ಇರೂಣೇನು?" ನಮ್ಮನೆಯವರು ನನ್ನ ಮುಖ ನೋಡಿದರು, ನಾನು ಫೋನ್ ತೆಗೆದು ಬುಕಿಂಗ್ ಮುಂದುವರಿಸಿದೆ.

ಮೊಣಕಾಲು ನೋವಿನವರು ಜೊತೆಗಿದ್ದರೆ ಕಾಸರಕೋಡಿನಂಥ ಮಂಚದ ಟೆಂಟ್, ಏಪ್ರಿಲ್‌ನಲ್ಲಿ. ಗಂಡ ಹೆಂಡತಿ, ದೊಡ್ಡ ಮಕ್ಕಳಷ್ಟೇ ಆದರೆ ಗೋಕರ್ಣ, ಆದರೆ ಡಿಸೆಂಬರ್‌ನಲ್ಲಿ. ಸೂರ್ಯಲಂಕಕ್ಕೂ ಚಳಿಗಾಲದಲ್ಲಿ ಮತ್ತೊಮ್ಮೆ ಹೋಗಬೇಕು, ಆ ರೈಲಿನ ಸುಖಕ್ಕಾದರೂ.

ಈ ಏಪ್ರಿಲ್‌ಗೆ ಕಾಸರಕೋಡೇ ಗಟ್ಟಿಯಾಗಿದೆ, ನಾಲ್ಕು ರಾತ್ರಿ. ಮಕ್ಕಳ ಹಟಕ್ಕೆ ಹಳೆಯ ಟೆಂಟನ್ನೂ ಒಯ್ಯುತ್ತಿದ್ದೇವೆ, ತೊಗರಿಬೇಳೆಯ ಖಾಲಿ ಚೀಲ ಆರು ಎತ್ತಿಟ್ಟಿದ್ದೇನೆ. ರೊಟ್ಟಿ ಈ ಸಲ ಮೂವತ್ತೇ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ. ಅತ್ತಿ ತಮ್ಮ ಚೀಲದಲ್ಲಿ ಎರಡು ಜೊತೆ ಚಪ್ಪಲಿ ಇಟ್ಟುಕೊಂಡಿದ್ದಾರೆ. ಗೋಕರ್ಣದಿಂದ ತಂದ ಆ ಬಲಗಾಲಿನದು ಇನ್ನೂ ಮಾಳಿಗೆ ಮೆಟ್ಟಿಲ ಕೆಳಗೆ ಬಿದ್ದಿದೆ.